ಹಿಂದಿನ ಬೆಂಚಿನಿಂದ ಎದ್ದು ಬಾ, ಯವ್ವಾ

ಯವ್ವಾ, ನಿನಗೆ ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿದ್ದು ನಮ್ಮ ಮನೆತನಕ್ಕೆಲ್ಲ ಹಬ್ಬದಂಥ ಸುದ್ದಿ. ಆದರೆ ನಿಮ್ಮವ್ವನ ಮಾತಿನಲ್ಲಿ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚಿತ್ತು. "ಅಕ್ಕಾ, ಹುಡುಗಿ ಯಾರ ಜೋಡಿನೂ ಮಾತಾಡಂಗಿಲ್ಲ, ಅಲ್ಲಿ ಹೆಂಗ ಮಾಡತಾಳೋ ಏನೋ" ಅಂದಳು. ಆಕೆಯ ಚಿಂತೆಯಲ್ಲಿ ಹುರುಳಿದೆ. ಬಹಳ ವರ್ಷ ಈ ಊರಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ನಾನು. ಮೊದಲನೇ ವರ್ಷ ಹಿಂದೆ ಬಿದ್ದ ಮಕ್ಕಳಲ್ಲಿ ಬುದ್ಧಿ ಸಾಲದವರು ತೀರ ಕಡಿಮೆ. ಹೆಚ್ಚಿನವರು ಅಡಗಿ ಕೂತವರು. ತಿಳಿಯದಿದ್ದರೂ ಕೇಳಲಿಲ್ಲ, ಉಪವಾಸ ಇದ್ದರೂ ಹೇಳಲಿಲ್ಲ, ಜ್ವರ ಬಂದರೂ ರೂಮಿನ ಬಾಗಿಲು ತೆರೆಯಲಿಲ್ಲ. ಅದಕ್ಕೇ ನಿನಗೆ ನಾನು ಹೇಳುವುದು ಇಷ್ಟೇ: ಅಡಗಿ ಕೂಡ್ರಬ್ಯಾಡ.

ನೀನು ಕಾಲಿಡುವ ಆವರಣದ ಕತೆ ಮೊದಲು ತಿಳಿದುಕೋ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ನಮ್ಮ ಸೀಮೆಯ ಹುಡುಗರು ಡಿಗ್ರಿ ಓದಬೇಕೆಂದರೆ ಪುಣೆ, ಮುಂಬಯಿಯ ದಾರಿ ಹಿಡಿಯಬೇಕಿತ್ತು. ಕವಿ ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಪಾಸಾದದ್ದು 1918ರಲ್ಲಿ. ಅವರು ಊರು ಬಿಟ್ಟು ಹೊರಟಾಗ ಇಲ್ಲಿ ಕಾಲೇಜೇ ಇರಲಿಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥ ಹಿರಿಯರು ಮುಂದೆ ನಿಂತು, ಹಣ ಕೂಡಿಸಿ, ಬ್ರಿಟಿಷ್ ಸರಕಾರದ ಬೆನ್ನುಹತ್ತಿ ಕಾಲೇಜನ್ನು ಧಾರವಾಡಕ್ಕೆ ತಂದರು. ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡ ಓದುವ ಮಕ್ಕಳ ಪಾಲಾಯಿತು. ಒಕ್ಕಲುತನದ ಮನೆಯ ಮಕ್ಕಳೂ ಕಲಿಯಲೆಂದೇ ಇಷ್ಟೆಲ್ಲ ಮಾಡಿದರು. ಆ ಕಾಲೇಜು ನಿನ್ನದು ಯವ್ವಾ. ಬೇರೆಯವರ ಮನೆಗೆ ಬಂದವಳ ಹಾಗೆ ಬಾಗಿಲ ಸಂದಿಯಲ್ಲಿ ನಿಲ್ಲಬೇಕಾದದ್ದಿಲ್ಲ. ಮೊದಲ ದಿನವೇ ಮೊದಲನೆಯದೋ ಎರಡನೆಯದೋ ಬೆಂಚು ಹಿಡಿ. ಮೊದಲ ವಾರ ಕೂತ ಜಾಗ ವರ್ಷವಿಡೀ ಅಂಟಿಕೊಳ್ಳುತ್ತದೆ.

ಇಂಗ್ಲಿಷಿನ ಮಾತಿಗೆ ಬರುತ್ತೇನೆ, ನಿನ್ನ ಎದೆಯಲ್ಲಿ ಕೂತಿರುವ ಅಂಜಿಕೆ ಅದೇ ಅಂತ ನನಗೆ ಗೊತ್ತು. ಹತ್ತನೇ ಇಯತ್ತೆಯವರೆಗೆ ಕನ್ನಡ ಶಾಲೆ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಸರ್ ಕನ್ನಡದಲ್ಲೇ ತಿಳಿಸಿ ಹೇಳುತ್ತಿದ್ದರು. ಇಲ್ಲಿ ಹಾಗೆ ನಡೆಯುವುದಿಲ್ಲ. ಪಾಠ ಇಂಗ್ಲಿಷಿನಲ್ಲೇ ಓಡುತ್ತದೆ. ಬಾಜೂ ಕೂತ ಹುಬ್ಬಳ್ಳಿಯ ಹುಡುಗಿ ಸರಸರ ಬರೆದುಕೊಳ್ಳುತ್ತಾಳೆ, ನಿನ್ನ ಪೆನ್ನು ಅರ್ಧ ಸಾಲಿಗೇ ನಿಲ್ಲುತ್ತದೆ. ಮೊದಲ ಎರಡು ತಿಂಗಳು ಹೀಗೇ ಇರುತ್ತದೆ, ಆಮೇಲೆ ಕಿವಿ ಪಳಗುತ್ತದೆ. ಅಲ್ಲಿಯವರೆಗೆ ನೀನು ಮಾಡಬೇಕಾದ ಕೆಲಸ ಒಂದಿದೆ. ನಾಳಿನ ಪಾಠವನ್ನು ಇವತ್ತು ರಾತ್ರಿಯೇ ಒಮ್ಮೆ ಓದಿಕೊಂಡು ಹೋಗು. ಎಲ್ಲ ತಿಳಿಯಬೇಕೆಂದೇನಿಲ್ಲ, ಹೊಸ ಶಬ್ದಗಳ ಮುಖಪರಿಚಯವಾದರೆ ಸಾಕು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ಸರ್ ಹೇಳಿದ್ದು, ಇನ್ನೊಂದು ಬದಿಗೆ ನಿನಗೆ ತಿಳಿದದ್ದು ಕನ್ನಡದಲ್ಲೇ ಬರಿ. ಎಡಕ್ಕೆ ಬರಹ ಇದ್ದು ಬಲಕ್ಕೆ ಖಾಲಿ ಉಳಿದ ಜಾಗವೇ ನೀನು ಕೇಳಬೇಕಾದ ಪ್ರಶ್ನೆ. ಅದನ್ನು ಆವತ್ತೇ ಕೇಳು. ಇಂಗ್ಲಿಷಿನಲ್ಲಿ ಬಾರದಿದ್ದರೆ ಕನ್ನಡದಲ್ಲಿ ಕೇಳು. ಕನ್ನಡಕ್ಕೆಂದೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಊರು ಇದು. ಇಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಲು ನಾಚಿಕೆಯೇಕೆ? ಕ್ಲಾಸಿನಲ್ಲಿ ಬಾಯಿ ಬರದಿದ್ದರೆ ಸ್ಟಾಫ್ ರೂಮಿಗೆ ಹೋಗು. ಕೇಳಲು ಬಂದ ವಿದ್ಯಾರ್ಥಿಯನ್ನು ಕಂಡರೆ ಕಲಿಸುವವರಿಗೆ ಜೀವ ಬಂದಂತಾಗುತ್ತದೆ. ಇದು ನನ್ನ ಅನುಭವದ ಮಾತು.

ಲ್ಯಾಬು ಮಾತ್ರ ನಿನ್ನ ಅಂಗಳ ಅಂತ ತಿಳಿ. ಅಲ್ಲಿ ಭಾಷೆಗಿಂತ ಕೈ ಮುಖ್ಯ. ಪರ್ಮ್ಯಾಂಗನೇಟ್ ಟೈಟ್ರೇಷನ್ ಮಾಡಿಸುತ್ತಾರೆ ನೋಡು. ಬ್ಯೂರೆಟ್ಟಿನಿಂದ ಆ ನೇರಳೆ ದ್ರಾವಣ ಹನಿ ಹನಿಯಾಗಿ ಇಳಿಯಬೇಕು, ಫ್ಲಾಸ್ಕು ಒಂದೇ ಸಮನೆ ತಿರುಗುತ್ತಿರಬೇಕು, ತಿಳಿ ಗುಲಾಬಿ ಬಣ್ಣ ಬಂದು ಮಾಯವಾಗದೆ ನಿಂತ ಹನಿಗೆ ಕೈ ತಡೆಯಬೇಕು. ಒಂದು ಹನಿ ಹೆಚ್ಚಾದರೂ ರೀಡಿಂಗ್ ಕೆಟ್ಟಿತು. ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಮೇಲಂಚನ್ನು ಓದಬೇಕು, ಬಣ್ಣವಿಲ್ಲದ ದ್ರಾವಣಕ್ಕಾದರೆ ಕೆಳಗಿನ ಬಾಗು. ಎಮ್ಮೆ ಹಿಂಡಿದ, ಮೆಣಸಿನಕಾಯಿ ಬಿಡಿಸಿದ ಕೈಗೆ ಈ ತಾಳ್ಮೆ ಮೊದಲೇ ಇರುತ್ತದೆ. ಇಂಗ್ಲಿಷಿನಲ್ಲಿ ತೊದಲುವ ಎಷ್ಟೋ ಹಳ್ಳಿಯ ಮಕ್ಕಳು ಲ್ಯಾಬಿನಲ್ಲಿ ಎಲ್ಲರಿಗಿಂತ ಚೊಕ್ಕ ರೀಡಿಂಗ್ ತೆಗೆದದ್ದನ್ನು ನಾನು ಕಂಡಿದ್ದೇನೆ. ಆ ಧೈರ್ಯವನ್ನು ಅಲ್ಲಿಂದ ಕ್ಲಾಸಿಗೆ ಹೊತ್ತುಕೊಂಡು ಹೋಗು. ಇನ್ನು ಜರ್ನಲ್ಲು: ಆವತ್ತಿನ ಪ್ರಯೋಗ ಆವತ್ತೇ ಬರೆದು ಮುಂದಿನ ಬ್ಯಾಚಿನ ದಿನ ಸಹಿ ಹಾಕಿಸು. ಸೆಮಿಸ್ಟರಿನ ಕೊನೆಗೆ ಗೆಳತಿಯ ಜರ್ನಲ್ ಇಟ್ಟುಕೊಂಡು ರಾತ್ರಿಯಿಡೀ ನಕಲು ಇಳಿಸುವ ಹುಡುಗರಿಗೆ ಅದರಲ್ಲಿ ಏನು ಬರೆದಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಹಾಜರಿ ಶೇಕಡಾ 75 ಬೇಕೆನ್ನುವ ನಿಯಮವನ್ನು ಹಗುರಾಗಿ ತೆಗೆದುಕೊಳ್ಳಬೇಡ.

ಹೊಟ್ಟೆಯ ವಿಷಯ ಓದಿಗಿಂತ ಸಣ್ಣದಲ್ಲ. ಊರಿಂದ ಬರುವ ಬಸ್ಸಿನಲ್ಲಿ ಬುತ್ತಿ ಕಳಿಸುವ ರೂಢಿ ನಮ್ಮ ಕಡೆ ಹಳೆಯದು. ಬೆಳಗಿನ ಬಸ್ಸಿನ ಕಂಡಕ್ಟರರ ಕೈಗೆ ಹೆಸರು ಬರೆದ ಗಂಟು, ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಪಲ್ಯ. ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುತ್ತಾರೆ. ಎಷ್ಟೋ ಅಧಿಕಾರಿಗಳು, ಡಾಕ್ಟರು, ಮಾಸ್ತರರು ಆ ಗಂಟಿನ ರೊಟ್ಟಿ ತಿಂದೇ ಓದಿದವರು. ಬುತ್ತಿ ಬಿಚ್ಚಲು ಸಂಕೋಚ ಪಡಬೇಡ, ಎಲ್ಲರ ನಡುವೆ ಕೂತು ಬಿಚ್ಚು. ಎರಡು ರೊಟ್ಟಿ ಹಂಚಿಕೊಂಡರೆ ನಾಲ್ಕು ಗೆಳತಿಯರು ತಾವಾಗಿಯೇ ಬರುತ್ತಾರೆ. ಬೆಳಗಿನ ನಾಷ್ಟಾ ಬಿಟ್ಟು ಹನ್ನೊಂದಕ್ಕೆ ಮಿರ್ಚಿ, ಗಿರ್ಮಿಟ್ ತಿಂದು ದಿನ ದೂಡುವ ಚಾಳಿ ಹಾಸ್ಟೆಲಿನಲ್ಲಿ ಬಲು ಬೇಗ ಅಂಟುತ್ತದೆ, ರಕ್ತ ಕಡಿಮೆಯಾಗಿ ತಲೆ ತಿರುಗಿ ಬೀಳುವ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತಿದ್ದೆ. ಧಾರವಾಡದಲ್ಲಿ ಬಡ ಮಕ್ಕಳಿಗೆ ಅನ್ನ ಹಾಕಿ ಓದಿಸುವುದು ದೊಡ್ಡ ಪುಣ್ಯದ ಕೆಲಸವೆಂದು ನಡೆದುಬಂದಿದೆ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿತವರ ಹೆಸರು ಬರೆಯುತ್ತ ಹೋದರೆ ಪುಸ್ತಕವೇ ಆದೀತು. ಯಾರಾದರೂ ಗೆಳತಿ ದುಡ್ಡಿಲ್ಲದೆ ಊಟ ಬಿಡುತ್ತಿದ್ದಾಳೆಂದು ಕಂಡರೆ ಅವಳಿಗೆ ಇದನ್ನು ಹೇಳು. ಈ ಊರಲ್ಲಿ ಕೇಳಿ ಉಂಡವರನ್ನು ಯಾರೂ ಕೀಳಾಗಿ ನೋಡುವುದಿಲ್ಲ.

ದುಡ್ಡಿನ ಕಾಗದಪತ್ರ ಬೇಗ ಮುಗಿಸು. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಬರೆದಿಟ್ಟುಕೋ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಈಗಲೇ ಹೋಗಿ ವಿಚಾರಿಸು, ವಿದ್ಯಾರ್ಥಿವೇತನ ಮಂಜೂರಾಗಿಯೂ ಕೈಗೆ ಬಾರದೆ ನಿಲ್ಲುವುದು ಬಹಳ ಸಲ ಅಲ್ಲಿಯೇ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನ ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ ಇಂತಿಷ್ಟು ದುಡ್ಡು ಕೊಡುವ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಇವುಗಳಲ್ಲಿ ನಿನಗೆ ಯಾವುದು ಸಲ್ಲುತ್ತದೆ ಎಂದು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಬಾಯಿ ಬಿಟ್ಟು ಕೇಳು. ಕ್ಲರ್ಕ್ ಸಿಡುಕಿದರೆ ನಾಳೆ ಮತ್ತೆ ಹೋಗು. ಅದು ನಿನ್ನ ಹಕ್ಕಿನ ದುಡ್ಡು.

ಸಪ್ತಾಪುರದ ಮಾತೊಂದು. ಅಲ್ಲಿಯ ಗಲ್ಲಿಗಳ ತುಂಬ ಕೋಚಿಂಗ್ ಕ್ಲಾಸು, ರೀಡಿಂಗ್ ರೂಮು. ಪಿಎಸ್‌ಐ, ಪಿಡಿಒ, ಕೆಎಎಸ್ ಅಂತ ಹಗಲಿರುಳು ಓದುವ ಮಕ್ಕಳು. ಅವರ ಕಷ್ಟ ಕಂಡರೆ ಕರುಳು ಚುರ್ ಅನ್ನುತ್ತದೆ. ನಿನ್ನ ಜೋಡಿಯವರೂ ಮೊದಲನೇ ವರ್ಷವೇ ಅಲ್ಲಿ ಫೀ ಕಟ್ಟಲು ಹೊರಡುತ್ತಾರೆ. ನೀನು ಹೋಗಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಗ್ರಿಯ ಬುನಾದಿ ಅಲ್ಲಾಡಿದರೆ ಮೇಲಿನ ಯಾವ ಪರೀಕ್ಷೆಯೂ ನಿಲ್ಲುವುದಿಲ್ಲ. ದಿನಾ ಪೇಪರ್ ಓದು, ಸದ್ಯಕ್ಕೆ ಅಷ್ಟು ಸಾಕು.

ಅದರ ಬದಲು ಊರನ್ನು ಓದು. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಬಿ.ಎ. ಆದವರು. ಅವರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಇದೇ ಊರಿನ ಮನೋಹರ ಗ್ರಂಥಮಾಲೆಯಿಂದ. ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರ ಅಟ್ಟ ಈಗಲೂ ಸುಭಾಸ ರಸ್ತೆಯಲ್ಲಿದೆ. ಗಣಿತ ಓದುವವರು ನಾಟಕ ನೋಡಬಾರದು, ವಿಜ್ಞಾನದವರು ಹಾಡು ಕೇಳಬಾರದು ಅಂತ ಧಾರವಾಡ ಎಂದೂ ಹೇಳಿಲ್ಲ. ವಿದ್ಯಾವರ್ಧಕ ಸಂಘದಲ್ಲಿ ಸಂಜೆಯ ಹೊತ್ತು ಭಾಷಣ, ಪುಸ್ತಕ ಬಿಡುಗಡೆ ಒಂದಿಲ್ಲೊಂದು ಇದ್ದೇ ಇರುತ್ತದೆ, ಟಿಕೆಟ್ಟಿನ ಗೊಡವೆಯಿಲ್ಲ. ಜನವರಿ 31 ಬೇಂದ್ರೆಯವರ ಜನ್ಮದಿನ, ಆವತ್ತು ಅವರ ಮನೆಯಿರುವ ಸಾಧನಕೇರಿಗೆ ಹೋಗಿ ಬಾ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ನೋಡು. ಹೋಗುವಾಗ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗು, ಕತ್ತಲಾಗುವುದರೊಳಗೆ ಹಾಸ್ಟೆಲ್ ಸೇರು. ಹುಬ್ಬಳ್ಳಿಗೂ ಆಗಾಗ ಹೋಗು, ಚಿಗರಿ ಬಸ್ಸಿಗೆ ತನ್ನದೇ ದಾರಿ ಇರುವುದರಿಂದ ಸುಮಾರು ಇಪ್ಪತ್ತು ಕಿಲೋಮೀಟರಿನ ಹಾದಿ ತ್ರಾಸಿಲ್ಲದೆ ಸಾಗುತ್ತದೆ. ಮಳೆಗಾಲದಲ್ಲಿ ಕೊಡೆ ಮರೆಯಬೇಡ, ಧಾರವಾಡದ ಜಿಟಿಜಿಟಿ ಮಳೆ ಹೇಳಿ ಬರುವುದಿಲ್ಲ.

ಸೀನಿಯರುಗಳು ಕಾಡಿದರೆ ಸಹಿಸಿಕೊಂಡು ಹೋಗು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಯುಜಿಸಿ 2009ರಲ್ಲೇ ರ‍್ಯಾಗಿಂಗ್ ತಡೆಗೆ ಕಟ್ಟುನಿಟ್ಟಿನ ನಿಯಮ ಮಾಡಿದೆ. ಹಗಲು ರಾತ್ರಿ ಯಾವಾಗಲಾದರೂ 1800-180-5522ಕ್ಕೆ ಫೋನ್ ಮಾಡಬಹುದು. ನನಗೂ ಮಾಡು.

ಇನ್ನೊಂದು ಮಾತು, ಇದನ್ನು ನಿಮ್ಮವ್ವನಿಗೂ ಓದಿ ಹೇಳು. ಮಳೆಯ ಸಂಜೆ ರೂಮಿನಲ್ಲಿ ಒಬ್ಬಳೇ ಕೂತಾಗ ಮನಸ್ಸು ಮುದುಡುತ್ತದೆ. ಅದು ಸಹಜ, ಅತ್ತುಬಿಡು, ಮನೆಗೆ ಫೋನ್ ಮಾಡು. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ, ಅದಕ್ಕೆ ಮದ್ದಿದೆ. ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ನಡೆದುಕೊಂಡರೆ "ಇವರನ್ನ ಧಾರವಾಡಕ್ಕ ಕಳಸಬೇಕು" ಅಂತ ಆಡಿಕೊಳ್ಳುತ್ತಾರಲ್ಲ, ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಗೆ ಆಡಿಕೊಳ್ಳುವುದರಿಂದಲೇ ಎಷ್ಟೋ ಮಕ್ಕಳು ಇಲ್ಲಿಯ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆಯ ಗೇಟಿನ ಹತ್ತಿರವೂ ಸುಳಿಯದೆ ಒಳಗೊಳಗೇ ಬೇಯುತ್ತಾರೆ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವಂತೆ ಅಲ್ಲಿಗೂ ಹೋಗಬಹುದು. ಹೋಗಲು ಮನಸ್ಸು ಒಪ್ಪದಿದ್ದರೆ ಟೆಲಿಮಾನಸ್ ಸಹಾಯವಾಣಿ ಇದೆ, 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನಿನ್ನ ಬಾಜೂ ರೂಮಿನ ಹುಡುಗಿ ಬಾಗಿಲು ಹಾಕಿಕೊಂಡು ಎರಡು ದಿನ ಹೊರಗೆ ಬಾರದಿದ್ದರೆ ಬಾಗಿಲು ಬಡಿ. ಬೈದರೂ ಬಡಿ.

ಪ್ರತಿ ಶನಿವಾರ ಊರಿಗೆ ಓಡುವುದನ್ನು ಮೊದಲ ತಿಂಗಳು ತಡೆದುಕೋ, ಇಲ್ಲದಿದ್ದರೆ ಈ ಊರು ನಿನ್ನದಾಗುವುದೇ ಇಲ್ಲ. ರವಿವಾರ ನನ್ನ ಮನೆಗೆ ಊಟಕ್ಕೆ ಬಾ. ಎಣ್ಣಗಾಯಿ ಮಾಡಿಟ್ಟಿರುತ್ತೇನೆ. ಅಷ್ಟು ದಿನದಲ್ಲಿ ಮಾತಾಡಿಸಿಕೊಂಡ ಗೆಳತಿಯರನ್ನೂ ಕರೆದುಕೊಂಡು ಬಾ. ಮೊದಲ ಇಂಟರ್ನಲ್ ಪರೀಕ್ಷೆಯ ಪೇಪರ್ ಕೈಗೆ ಕೊಟ್ಟಾಗ, ಮಾರ್ಕ್ಸು ಎಷ್ಟೇ ಕಡಿಮೆ ಬಂದಿರಲಿ, ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕದೆ ನನ್ನ ಹತ್ತಿರ ತಗೊಂಡು ಬಾ. ಎಲ್ಲಿ ತಪ್ಪಿತು ಅಂತ ಇಬ್ಬರೂ ಕೂತು ನೋಡೋಣು.

ನಿನ್ನ ದೊಡ್ಡವ್ವ