ಕಾಮರ್ಸ್ ಹುಡುಗಿ ಕಲಿತ ನ್ಯೂಕ್ಲಿಯೊಫೈಲ್

ನಾನು ಕಾಮರ್ಸ್ ವಿದ್ಯಾರ್ಥಿನಿ. ಹತ್ತನೇ ತರಗತಿಯೊಂದಿಗೆ ನನ್ನ ಕೆಮಿಸ್ಟ್ರಿ ಮುಗಿದಿತ್ತು. ಆದರೆ ಆಪಾಗೆ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಕೆಮಿಸ್ಟ್ರಿ ಒಂದು ಉಳಿಯಿತು. ಪರೀಕ್ಷೆ-2ಕ್ಕೆ ಓದುವಾಗ ಪ್ರಶ್ನೆ ಕೇಳುವ ಕೆಲಸ ನನ್ನದಾಯಿತು. "ನ್ಯೂಕ್ಲಿಯೊಫೈಲ್ ಎಂದರೇನು?" ಎಂದರೆ ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. "ನನಗೆ ಅರ್ಥವಾಗುವಂತೆ ಉರ್ದುವಿನಲ್ಲಿ ಹೇಳು" ಎಂದೆ. ತಡವರಿಸಿದಳು. ಇಬ್ಬರೂ ಕುಳಿತು ಪಾಠವನ್ನು ಮೊದಲಿನಿಂದ ಓದಿದೆವು. ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರೋಮೋಮೀಥೇನ್‌ನಲ್ಲಿ ಕಾರ್ಬನ್ ಮತ್ತು ಬ್ರೋಮಿನ್ ಒಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡಿವೆ. ಪಾಲು ಸಮನಲ್ಲ. ಬ್ರೋಮಿನ್ ತನ್ನ ಕಡೆಗೆ ಹೆಚ್ಚು ಎಳೆಯುವುದರಿಂದ ಕಾರ್ಬನ್ ಮೇಲೆ ಸ್ವಲ್ಪ ಧನ ಆವೇಶ ಇರುತ್ತದೆ. ಅಂಥ ಕಾರ್ಬನ್‌ಗೆ ಎಲೆಕ್ಟ್ರಾನ್ ಜೋಡಿ ಕೊಡಬಲ್ಲ ಕಣವೇ ನ್ಯೂಕ್ಲಿಯೊಫೈಲ್. ಅದಕ್ಕೆ ಋಣ ಆವೇಶ ಇರಲೇಬೇಕೆಂದಿಲ್ಲ. ಅಮೋನಿಯಾಕ್ಕೆ ಇಲ್ಲ, ಆದರೆ ಕೊಡಲು ಜೋಡಿ ಇದೆ.

ಹೈಡ್ರಾಕ್ಸೈಡ್ ಅಯಾನು ತನ್ನ ಜೋಡಿ ಕೊಟ್ಟು ಕಾರ್ಬನ್‌ಗೆ ಸೇರುತ್ತದೆ. ಬ್ರೋಮಿನ್ ಹಳೆಯ ಜೋಡಿಯನ್ನು ತೆಗೆದುಕೊಂಡು ಬ್ರೋಮೈಡ್ ಆಗಿ ಹೊರಡುತ್ತದೆ. ಉಳಿಯುವುದು ಮೆಥನಾಲ್. ನಮ್ಮ ಜರ್ನಲ್ ಎಂಟ್ರಿಯಂತೆ ಇಲ್ಲಿಯೂ ಎರಡೂ ಕಡೆ ಟ್ಯಾಲಿ ಆಗಬೇಕು: ಎಡಕ್ಕೆ ಒಂದು ಋಣ ಆವೇಶ, ಬಲಕ್ಕೂ ಒಂದು.

ಇದು ಒಂದೇ ಹಂತದ ಎಸ್‌ಎನ್2 ಕ್ರಿಯೆ. ನ್ಯೂಕ್ಲಿಯೊಫೈಲ್ ಬ್ರೋಮಿನ್‌ನ ಎದುರು ಬದಿಯಿಂದ ಬರುತ್ತದೆ. ಅದರ ಸಾಂದ್ರತೆ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು. 2-ಬ್ರೋಮೋ-2-ಮೀಥೈಲ್‌ಪ್ರೊಪೇನ್‌ನಲ್ಲಿ ಮೂರು ಮೀಥೈಲ್ ಗುಂಪುಗಳು ಆ ದಾರಿಗೆ ಅಡ್ಡ ನಿಂತಿವೆ. ಅಲ್ಲಿ ಬ್ರೋಮೈಡ್ ಮೊದಲು ಬಿಟ್ಟುಹೋಗುತ್ತದೆ. ಅದು ನಿಧಾನದ ಹಂತ. ನ್ಯೂಕ್ಲಿಯೊಫೈಲ್ ಆಮೇಲೆ ಬರುವುದರಿಂದ ಅದನ್ನು ಹೆಚ್ಚಿಸಿದರೂ ವೇಗ ಹೆಚ್ಚುವುದಿಲ್ಲ. ಇದು ಎಸ್‌ಎನ್1.

ಆಪಾ ಪ್ರತಿ ಸಲ ತಪ್ಪುತ್ತಿದ್ದದ್ದು ಸಯನೈಡ್ ಪ್ರಶ್ನೆಯಲ್ಲಿ. ಸಯನೈಡ್‌ನಲ್ಲಿ ಕಾರ್ಬನ್, ನೈಟ್ರೋಜನ್ ಎರಡರ ಬಳಿಯೂ ಜೋಡಿ ಇದೆ. ಪೊಟ್ಯಾಸಿಯಂ ಸಯನೈಡ್‌ನಲ್ಲಿ ಅಯಾನು ಬಿಡಿಯಾಗಿ ಸಿಗುತ್ತದೆ; ಕಾರ್ಬನ್–ಕಾರ್ಬನ್ ಬಂಧ ಹೆಚ್ಚು ಸ್ಥಿರವಾದ್ದರಿಂದ ಮುಖ್ಯವಾಗಿ ಮೀಥೈಲ್ ಸಯನೈಡ್ ಬರುತ್ತದೆ. ಸಿಲ್ವರ್ ಸಯನೈಡ್‌ನಲ್ಲಿ ಕಾರ್ಬನ್ ಬೆಳ್ಳಿಯೊಂದಿಗೆ ಬಂಧದಲ್ಲಿದೆ. ನೈಟ್ರೋಜನ್‌ನ ಜೋಡಿ ಮಾತ್ರ ಬಿಡುವಾಗಿದೆ. ಆದ್ದರಿಂದ ಐಸೊಸಯನೈಡ್. "ಯಾವ ಜೋಡಿ ಬಿಡುವಾಗಿದೆ?" ಎಂದು ನಾನು ಕೇಳಿದಾಗ ಆಪಾ ತಾನೇ ಉತ್ತರ ಬರೆದಳು.

ಪರೀಕ್ಷೆಗೆ ಇನ್ನು ಆರು ದಿನವಿದೆ. ಸೈನ್ಸ್ ಗೆಳತಿಯರೇ, ಓದಿದ್ದನ್ನು ಒಮ್ಮೆ ನಮ್ಮಂಥ ಕಾಮರ್ಸ್‌ನವರಿಗೆ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದ ಮತ್ತೆ ಓದಿ.