ಎರಡು ಎಂಜಿನ್ನುಗಳ ಕೂಡಿಕೆ

ದೊಡ್ಡ ಯಂತ್ರವೊಂದು ಬುಡದಿಂದ ತುದಿಯವರೆಗೆ ಹೊಸದಾಗಿಯೇ ಹುಟ್ಟಬೇಕೆಂಬ ನಿಯಮವೇನೂ ಇಲ್ಲ. ಇಂಗ್ಲೆಂಡಿನ ಸ್ಟೀವನೇಜ್ ಪಟ್ಟಣದಲ್ಲಿ ವಿನ್ಸೆಂಟ್ ಎಚ್.ಆರ್.ಡಿ. ಎಂಬ ಸಣ್ಣ ಕಾರ್ಖಾನೆಯಿತ್ತು. 1934ರಲ್ಲಿ ಅದು 499 ಸಿ.ಸಿ. ಸಾಮರ್ಥ್ಯದ, ಒಂದೇ ಸಿಲಿಂಡರಿನ ಮೋಟಾರ್‌ಸೈಕಲ್ ಎಂಜಿನ್ನನ್ನು ನಿರ್ಮಿಸಿತು. ಅಲ್ಲಿನ ಎಂಜಿನಿಯರ್, ಆಸ್ಟ್ರೇಲಿಯಾದ ಫಿಲ್ ಇರ್ವಿಂಗ್, ಆ ಎಂಜಿನ್ನಿನ ಎರಡು ನಕ್ಷೆಗಳನ್ನು ಒಂದರ ಮೇಲೊಂದಿರಿಸಿ ನೋಡಿದನು. ಎರಡು ಸಿಲಿಂಡರುಗಳು 47.5 ಡಿಗ್ರಿ ಕೋನದಲ್ಲಿ ಕವೆಗೋಲಿನಂತೆ ನಿಂತು, ಒಂದೇ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸಬಲ್ಲವೆಂಬುದು ಅವನಿಗೆ ಹೊಳೆಯಿತು.

ಸಿಲಿಂಡರು, ಪಿಸ್ಟನ್ನು, ಕವಾಟಗಳು ಮೊದಲಿನವೇ ಆದವು. ಅವೆರಡನ್ನೂ ಹೊರುವ ಕ್ರ್ಯಾಂಕಿನ ಪೆಟ್ಟಿಗೆಯನ್ನು ಮಾತ್ರ ಹೊಸದಾಗಿ ರೂಪಿಸಬೇಕಾಯಿತು. ಹೀಗೆ 1936ರಲ್ಲಿ 998 ಸಿ.ಸಿ.ಯ 'ರಪೀಡ್' ಹೊರಬಂದಿತು. ಅದರ ವೇಗ ಗಂಟೆಗೆ ಸುಮಾರು 175 ಕಿಲೋಮೀಟರು!

ಆದರೆ ಇಮ್ಮಡಿಯಾದ ಬಲದೊಡನೆ ತೊಂದರೆಯೂ ಬಂದಿತು. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಕ್ಲಚ್ಚು ಆ ಸೆಳೆತವನ್ನು ತಾಳಲಾರದೆ ಜಾರತೊಡಗಿತು. ಎಂಜಿನ್ನಿನ ಹೊರಗೆ ಎಣ್ಣೆಯ ಕೊಳವೆಗಳು ಬಳ್ಳಿಗಳಂತೆ ಹೆಣೆದುಕೊಂಡಿದ್ದವು. ಯುದ್ಧಾನಂತರ, 1946ರ ಮಾದರಿಯಲ್ಲಿ, ಕೋನವನ್ನು 50 ಡಿಗ್ರಿಗೆ ಹಿಗ್ಗಿಸಿದರು. ಗೇರುಪೆಟ್ಟಿಗೆಯನ್ನು ಎಂಜಿನ್ನಿನೊಡನೆ ಒಂದೇ ಕವಚದಲ್ಲಿ ಅಡಕಗೊಳಿಸಿದರು. ಬೇರೆಯೇ ಕ್ಲಚ್ಚನ್ನು ರಚಿಸಿದರು. ಈ ವಂಶದ ಯಂತ್ರವನ್ನೇರಿ, 1948ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ರೋಲಿ ಫ್ರೀ ಎಂಬ ಸವಾರನು ಗಂಟೆಗೆ 241 ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಸಾಧಿಸಿದನು.

1955ರಲ್ಲಿ ಈ ಮೋಟಾರ್‌ಸೈಕಲ್ಲುಗಳ ತಯಾರಿಕೆ ನಿಂತುಹೋಯಿತು. ಅವು ಕಲಿಸಿದ ಪಾಠ ಉಳಿದಿದೆ: ಎರಡು ಬಲಗಳನ್ನು ಕೂಡಿಸಿದರೆ ಕೆಲಸ ಅರ್ಧವಾದಂತೆ, ಕೂಡಿದ ಬಲವನ್ನು ಪ್ರತಿಯೊಂದು ಭಾಗವೂ ಹೊರುವಂತೆ ಮಾಡಿದಾಗಲೇ ಅದು ಪೂರ್ಣ.