ತಂತಿಯ ಮೌಸೋ? ತಂತಿಯಿಲ್ಲದ ಮೌಸೋ?

ಯಲಹಂಕದ ನಮ್ಮ ದೊಡ್ಡಪ್ಪನ ಮನೆ ಕಂಪ್ಯೂಟರಿನ ಮೌಸ್ ಕೆಟ್ಟಿದೆ. ಜಾತ್ರೆಗೆ ಕೊಟ್ಟ ದುಡ್ಡನ್ನು ನಾನೂ ಅಣ್ಣನೂ ಕೂಡಿಸಿಟ್ಟಿದ್ದೇವೆ. ಒಂದೇ ಮೌಸ್ ಬರುತ್ತೆ. ಆದ್ದರಿಂದ ವಿಚಾರಿಸಿ ತಿಳಿದುಕೊಂಡೆ.

ಮೊದಲ ಮೌಸನ್ನು 1964ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬರ್ಟ್ ಅವರ ತಂಡ ಮಾಡಿತು. ಮರದ ಡಬ್ಬಿ, ಅಡಿಯಲ್ಲಿ ಎರಡು ಚಕ್ರ. ತಂತಿ ಬಾಲದಂತೆ ಕಂಡಿದ್ದಕ್ಕೆ ಇಲಿ ಎಂಬ ಹೆಸರು ಬಂತು ಎನ್ನುತ್ತಾರೆ. ಹಾಗಾದರೆ ತಂತಿಯಿಲ್ಲದ್ದು ಬಾಲವಿಲ್ಲದ ಇಲಿ!

ಸಾಮಾನ್ಯ ಮೌಸ್ ತಾನು ಸರಿದದ್ದನ್ನು ಕಂಪ್ಯೂಟರಿಗೆ ಸೆಕೆಂಡಿಗೆ 125 ಸಲ ತಿಳಿಸುತ್ತದೆ. ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. ಆಟದ ಮೌಸ್ 1000 ಸಲ ತಿಳಿಸುತ್ತದೆ. (ಭಾಗಿಸಿ ನೋಡಿ, 1 ಮಿಲಿಸೆಕೆಂಡ್.) ತಂತಿಯಿಲ್ಲದ್ದು ನಿಧಾನ ಅಂತಾರೆ. ಅದು ಪೂರ್ತಿ ನಿಜವಲ್ಲ. ಆಟಕ್ಕೆಂದೇ ಮಾಡಿದ ತಂತಿಯಿಲ್ಲದ ಮೌಸ್ ಕೂಡ 1000 ಸಲ ತಿಳಿಸುತ್ತೆ, ಆದರೆ ಬೆಲೆ ಜಾಸ್ತಿ. ಅದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕೆಲಸ ಮಾಡುತ್ತದೆ. ವೈಫೈಗೂ ಅದೇ ಅಲೆ ಬಳಸುವುದರಿಂದ ರಿಸೀವರನ್ನು ಮೌಸಿನ ಹತ್ತಿರ ಇಡಬೇಕು.

ಹೋದ ಭಾನುವಾರ ಅಣ್ಣನ ಗೆಳೆಯನ ತಂತಿಯಿಲ್ಲದ ಮೌಸಲ್ಲಿ ಆಡ್ತಿದ್ದೆ. ಇನ್ನೇನು ಗೆಲ್ಲಬೇಕು, ಸೆಲ್ ಮುಗೀತು. ಸೋತೆ! ತಂತಿಯ ಮೌಸಿಗೆ ಕರೆಂಟು ಕಂಪ್ಯೂಟರಿನಿಂದಲೇ ಬರುತ್ತೆ, ಸೆಲ್ ಬೇಡ. ಅದರ ತೊಂದರೆ ಅಂದ್ರೆ ತಂತಿ ಮೇಜಿನ ಅಂಚಿಗೆ ಸಿಕ್ಕಿ ಕೈ ಎಳೆಯುತ್ತೆ. ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು ಮೇಜಿಗೆ ಟೇಪ್ ಹಾಕಿದರೆ ಸರಿಹೋಗುತ್ತೆ. ಹಳೇ ಮೌಸಿಗೆ ನಾನೇ ಮಾಡಿ ನೋಡಿದ್ದೆ.

ಅಣ್ಣನಿಗೆ ತಂತಿಯಿಲ್ಲದ್ದೇ ಬೇಕಂತೆ. ನಮ್ಮ ದುಡ್ಡಿಗೆ ಅದರಲ್ಲಿ ಸಾಮಾನ್ಯದ್ದು ಮಾತ್ರ ಬರುತ್ತೆ, ಅದಕ್ಕೆ ನಾನು ತಂತಿಯದ್ದೇ ಅಂದೆ. ಶನಿವಾರ ಮಧ್ಯಾಹ್ನ ಇಬ್ಬರೂ ಎಸ್.ಪಿ. ರಸ್ತೆಗೆ ಹೋಗುತ್ತೇವೆ.